ಸಾಂಬಾರಿನ ಬೆಲ್ಲವೂ ನಮ್ಮ ಅಭಿಮಾನವೂ

ನಾಲ್ಕು ಮಂದಿ ಕನ್ನಡಿಗರು ಅಡ್ಯಾರಿನಲ್ಲಿ ಒಂದೆಡೆ ಸೇರಿದರೆ, ಸೆಕೆಯ ಮಾತು, ನೀರಿನ ಲಾರಿಯ ಮಾತು ಮುಗಿದ ಕೂಡಲೆ ಹೋಟೆಲಿನ ಮಾತು ಏಳುತ್ತದೆ. “ಬೋರ್ಡಿನ ಮೇಲೆ ಉಡುಪಿ ಎಂದು ಬರೆದುಕೊಂಡಿದ್ದಾರೆ, ಸಾಂಬಾರಿಗೆ ಒಂದು ಚೂರು ಬೆಲ್ಲವಿಲ್ಲ” ಎಂದು ಒಬ್ಬರು ಆರಂಭಿಸುತ್ತಾರೆ. “ಬಡಿಸುವವನಿಗೆ ಕನ್ನಡವೇ ಬರುವುದಿಲ್ಲ” ಎಂದು ಎರಡನೆಯವರು ಸೇರಿಸುತ್ತಾರೆ. “ಅಷ್ಟು ಸಣ್ಣ ಜಾಗಕ್ಕೆ ಈ ರೇಟು ಬೇರೆ” ಎಂದು ಮೂರನೆಯವರು ಮುಗಿಸುತ್ತಾರೆ. ನಾಲ್ಕನೆಯವರು ಅಷ್ಟು ಹೊತ್ತಿಗೆ ಮೊಬೈಲು ತೆಗೆದು ಮನೆಗೆ ಪಿಜ್ಜಾ ತರಿಸುವ ಏರ್ಪಾಡಿನಲ್ಲಿರುತ್ತಾರೆ. ಈ ಮಾತುಗಳನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಇವಕ್ಕೆ ಒಮ್ಮೆ ನೇರವಾಗಿ ಉತ್ತರ ಕೊಡಬೇಕೆಂದೇ ಈ ಬರಹ.

ನಾವು ಇಲ್ಲಿ ಹೇಳಹೊರಟಿರುವುದು ಹವಾನಿಯಂತ್ರಿತ ದೊಡ್ಡ ಹೋಟೆಲುಗಳ ವಿಷಯವನ್ನಲ್ಲ. ಗಾಂಧಿನಗರ, ಕಸ್ತೂರಿಬಾ ನಗರ, ಶಾಸ್ತ್ರಿನಗರ ಮುಂತಾದ ಬಡಾವಣೆಗಳ ಬೀದಿಗಳಲ್ಲಿ ಔಷಧದ ಅಂಗಡಿಗೂ ಇಸ್ತ್ರಿ ಗಾಡಿಗೂ ನಡುವೆ ಸಿಕ್ಕಿಕೊಂಡಂತೆ ಇರುವ, ಎಂಟೋ ಹತ್ತೋ ಮೇಜುಗಳ, ಯಜಮಾನರೇ ಗಲ್ಲಾದ ಮೇಲೆ ಕುಳಿತಿರುವ ಪುಟ್ಟ ಹೋಟೆಲಿನ ವಿಷಯವನ್ನು. ಗೋಡೆಯ ಮೇಲೆ ಉಡುಪಿಯ ಕೃಷ್ಣನ ಪಟ, ಅದರ ಕೆಳಗೆ ಊದುಬತ್ತಿ, ಒಳಗಿನಿಂದ ದೋಸೆಯ ಕಾವಲಿಗೆ ನೀರು ಚಿಮುಕಿಸಿದ ಸದ್ದು. ಓದುಗರಲ್ಲಿ ಪ್ರತಿಯೊಬ್ಬರಿಗೂ ಇಂಥದೊಂದು ಹೋಟೆಲು ಗೊತ್ತಿದೆ. ಅಡ್ಯಾರಾಗಲಿ ಅಯನಾವರವಾಗಲಿ, ಚಿತ್ರ ಒಂದೇ.

ನಮ್ಮ ವಾದ ಇಷ್ಟೆ. ಈ ಪುಟ್ಟ ಹೋಟೆಲು ನಮ್ಮದೇ ಅಲ್ಲವೇ ಎಂಬುದನ್ನು ಸಾಂಬಾರಿನ ಬೆಲ್ಲದಿಂದ ಅಳೆಯತಕ್ಕದ್ದಲ್ಲ. ಅಡ್ಯಾರಿನಂಥ ಜಾಗದಲ್ಲಿ ನಮ್ಮ ಮಕ್ಕಳು ನೆಂಟರಲ್ಲದ ಒಬ್ಬ ಮನುಷ್ಯನೊಡನೆ, ಒಂದು ಕೆಲಸಕ್ಕಾಗಿ ಕನ್ನಡ ಮಾತನಾಡಬಹುದಾದ ಸ್ಥಳ ಎಲ್ಲಿದೆ? ಹುಡುಕಿ ನೋಡಿ. ಅದು ಇಲ್ಲಿ ಮಾತ್ರ ಇದೆ. ಆ ಸ್ಥಳವನ್ನು ಉಳಿಸಿಕೊಳ್ಳುವುದು ಬಿಟ್ಟು ಬೆಲ್ಲದ ಲೆಕ್ಕ ಹಾಕುತ್ತ ಕೂರುವುದು ಅಭಿಮಾನವಲ್ಲ, ಅಭಿಮಾನದ ಅಣಕ.

ಮೊದಲು ಬೆಲ್ಲದ ಮಾತನ್ನೇ ತೆಗೆದುಕೊಳ್ಳೋಣ. ಉಡುಪಿ ಹೋಟೆಲು ಎಂಬುದು ಉಡುಪಿಯ ಅಡಿಗೆಮನೆಯನ್ನು ಹಾಗೆಯೇ ಎತ್ತಿ ತಂದು ಇಟ್ಟದ್ದೆಂದು ಭಾವಿಸುವವರಿಗೆ ಅದರ ಚರಿತ್ರೆ ತಿಳಿಯದು. ಕಡಂದಲೆಯ ಕೃಷ್ಣರಾಯರು 1920ರ ದಶಕದಲ್ಲಿ ಮದರಾಸಿಗೆ ಬಂದಾಗ ಅವರ ಕೈಯಲ್ಲಿ ಬಂಡವಾಳವಿರಲಿಲ್ಲ. ಅನ್ಯರ ಅಡಿಗೆಮನೆಯಲ್ಲಿ ದುಡಿದು, ಜಾರ್ಜ್ ಟೌನಿನಲ್ಲಿ ಒಂದು ಸಣ್ಣ ಹೋಟೆಲಿನಿಂದ ಆರಂಭಿಸಿ, 1930ರ ದಶಕದ ಕೊನೆಗೆ ರಾಯಪೇಟೆಯ ಬಂಗಲೆಯೊಂದರಲ್ಲಿ ವುಡ್‌ಲ್ಯಾಂಡ್ಸ್ ನಡೆಸುವ ಮಟ್ಟಕ್ಕೆ ಅವರು ಬೆಳೆದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರವರೆಗೂ ಕರಾವಳಿಯ ಹುಡುಗನಿಗೆ ಮದರಾಸು ಪರರಾಜ್ಯವಲ್ಲ, ತನ್ನದೇ ಪ್ರಾಂತ್ಯದ ರಾಜಧಾನಿ. ಅವನು ಬಂದದ್ದು ತವರಿನ ರುಚಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಪ್ರದರ್ಶಿಸಲು ಅಲ್ಲ, ಹೊಟ್ಟೆ ಹೊರೆಯಲು. ಎದುರಿಗೆ ಕುಳಿತವನು ತಮಿಳನಾಗಿದ್ದ, ತೆಲುಗನಾಗಿದ್ದ, ಮಾರವಾಡಿಯಾಗಿದ್ದ. ಅವನ ನಾಲಗೆಯನ್ನು ನೋಡಿಕೊಂಡು ಇವನು ಸೌಟನ್ನು ಆಡಿಸಿದ. ಹಾಗೆ ಆಡಿಸಬಲ್ಲವನಾದ್ದರಿಂದಲೇ ಉಡುಪಿ ಎಂಬ ಮೂರಕ್ಷರ ದೇಶದ ಊರೂರಿನ ಬೋರ್ಡಿನ ಮೇಲೆ ಏರಿತು.

ಅಷ್ಟಕ್ಕೂ ಬೆಲ್ಲ ಬೇಕೆನ್ನುವ ನಮ್ಮವರು ಯಾವ ಮನೆಯ ಬೆಲ್ಲವನ್ನು ಕೇಳುತ್ತಿದ್ದಾರೆ? ಮೈಸೂರಿನವರ ಹುಳಿ ಒಂದು ಬಗೆ. ತೆಂಗಿನೆಣ್ಣೆಯ ಒಗ್ಗರಣೆ ಬಿದ್ದ ಮಂಗಳೂರಿನ ಕೊದ್ದೆಲು ಇನ್ನೊಂದು. ಧಾರವಾಡದವರಿಗೆ ಕಟ್ಟಿನ ಸಾರು ಇದ್ದರೆ ಇವೆರಡೂ ಬೇಡ. ಸಂಘದ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿ ಈ ಮೂವರನ್ನೂ ಅಕ್ಕಪಕ್ಕ ಕೂರಿಸಿ ನೋಡಿ. ಒಬ್ಬರ ಎಲೆಯ ಸಾಂಬಾರು ಮತ್ತೊಬ್ಬರಿಗೆ ಪಾಯಸ, ಮಗದೊಬ್ಬರಿಗೆ ನೀರು. ನಮ್ಮೊಳಗೇ ತೀರ್ಮಾನವಾಗದ ವ್ಯಾಜ್ಯವನ್ನು ಆ ಬಡಪಾಯಿ ಹೋಟೆಲಿನ ಭಟ್ಟರ ತಲೆಗೆ ಕಟ್ಟುವುದು ಯಾವ ನ್ಯಾಯ?

ಹೊರದೇಶಗಳಲ್ಲಿ ಮಕ್ಕಳನ್ನು ಇಟ್ಟುಕೊಂಡಿರುವ ನಮ್ಮ ಸದಸ್ಯರು ಕೆಲವರು ನ್ಯೂಯಾರ್ಕಿನ ವುಡ್‌ಸೈಡ್ ಎಂಬ ಬಡಾವಣೆಯನ್ನು ಕಂಡಿರಬಹುದು. ಫಿಲಿಪೀನ್ಸಿನಿಂದ ಹೋದ ದಾದಿಯರು, ಕೂಲಿಗಳು, ಗುಮಾಸ್ತರು ನೆಲೆಸಿರುವ ಜಾಗ ಅದು. 2022ರಲ್ಲಿ ಅಲ್ಲಿನ ಒಂದು ಬೀದಿಗೆ ‘ಲಿಟಲ್ ಮನಿಲಾ’ ಎಂದು ಅಧಿಕೃತವಾಗಿ ಹೆಸರಿಟ್ಟರು. ಅವರ ಸಣ್ಣ ಹೋಟೆಲುಗಳಲ್ಲಿ ‘ಟುರೊ ಟುರೊ’ ಎಂಬ ಪದ್ಧತಿಯಿದೆ. ತಟ್ಟೆಗಳಲ್ಲಿ ಜೋಡಿಸಿಟ್ಟ ಅಡಿಗೆಯ ಮುಂದೆ ನಿಂತು ಇದು, ಅದು ಎಂದು ಬೆರಳು ತೋರಿಸಿ ಬಡಿಸಿಕೊಳ್ಳುವುದು. ಅವರ ಹೆಸರಾಂತ ಅಡಿಗೆ ‘ಅಡೋಬೊ’, ಅಂದರೆ ವಿನೆಗರಿನಲ್ಲಿ ಬೇಯಿಸಿದ ಮಾಂಸ. ಅದು ಮನೆಗೊಂದು ಬಗೆ. ಒಬ್ಬಳು ಸೋಯಾ ಸೇರಿಸುತ್ತಾಳೆ, ಒಬ್ಬಳು ತೆಂಗಿನ ಹಾಲು. ತನ್ನ ತಾಯಿಯ ಕೈಯಡಿಗೆಯೇ ಮೇಲೆಂದು ಪ್ರತಿಯೊಬ್ಬರೂ ಹೇಳುತ್ತಾರೆ, ಹಾಗೆಂದುಕೊಂಡೇ ಹೋಟೆಲಿನದನ್ನೂ ಉಣ್ಣುತ್ತಾರೆ. ಅಲ್ಲಿಗೆ ಹೋಗುವುದು ರುಚಿಗೆ ಮಾತ್ರವಲ್ಲ, ತಮ್ಮ ಮಾತು ಕಿವಿಗೆ ಬೀಳಲಿ ಎಂದು. ಮಾಂಸಾಹಾರದ ಆ ಹೋಟೆಲಿಗೂ ಈರುಳ್ಳಿಗೇ ಹಿಂದೆಮುಂದೆ ನೋಡುತ್ತಿದ್ದ ನಮ್ಮ ಉಡುಪಿಯ ಅಡಿಗೆಮನೆಗೂ ಎಲ್ಲಿಯ ಹೋಲಿಕೆ ಎಂದು ಮೂಗು ಮುರಿಯಬೇಡಿ. ಊರು ಬಿಟ್ಟವರ ಹಸಿವು ಎಲ್ಲ ಕಡೆಯೂ ಒಂದೇ.

ಎರಡನೆಯ ದೂರು: ಬಡಿಸುವ ಹುಡುಗರು ನಮ್ಮವರಲ್ಲ. ನಿಜ. ಈಗ ಬಡಿಸುವವನು ಒಡಿಶಾದವನು, ಮೇಜು ಒರೆಸುವವನು ಅಸ್ಸಾಮಿನವನು, ಪಾತ್ರೆ ತೊಳೆಯುವ ಹೆಂಗಸು ಇಲ್ಲಿಯದೇ ತಮಿಳು ತಾಯಿ. ಕುಂದಾಪುರದ ಮಾಣಿ ಎಲ್ಲಿ ಹೋದ ಎಂದು ನಿಟ್ಟುಸಿರು ಬಿಡುವವರನ್ನು ನಾವು ಕೇಳುತ್ತೇವೆ: ಆ ಮಾಣಿಯ ವಯಸ್ಸೆಷ್ಟಿತ್ತು? ಹತ್ತೋ ಹನ್ನೆರಡೋ. ಬೆಳಗಿನ ಜಾವ ಎದ್ದು ಉದ್ದು ರುಬ್ಬಿ, ರಾತ್ರಿ ಮೇಜಿನ ಮೇಲೆಯೇ ಮಲಗಿ, ವರ್ಷಕ್ಕೊಮ್ಮೆ ಊರು ಕಂಡರೆ ಕಂಡ. ಮುಂಬಯಿಯಲ್ಲಿ ಇಂಥ ಹುಡುಗರಿಗಾಗಿಯೇ ನಮ್ಮವರು ಕನ್ನಡ ರಾತ್ರಿ ಶಾಲೆಗಳನ್ನು ತೆರೆದರು. ಹಗಲು ತಟ್ಟೆ ಎತ್ತಿ ರಾತ್ರಿ ಓದಿದವರು ಮುಂದೆ ವಕೀಲರೂ ಉದ್ಯಮಿಗಳೂ ಆದರು. ಅದು ಹೆಮ್ಮೆಯ ಮಾತೇ. ಆದರೆ ಮಗು ಹಗಲೆಲ್ಲ ದುಡಿಯಬೇಕಾದ್ದರಿಂದಲೇ ಅಂಥ ಶಾಲೆ ಬೇಕಾಯಿತು ಎಂಬುದನ್ನು ಮರೆಯಬಾರದು. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ ಹದಿನಾಲ್ಕಕ್ಕಿಂತ ಕಿರಿಯರನ್ನು ದುಡಿಸುವುದನ್ನು ಕಾನೂನು ನಿಷೇಧಿಸಿದೆ. ಕುಂದಾಪುರದ ಹುಡುಗ ಇಂದು ಸುರತ್ಕಲ್ಲಿನಲ್ಲೋ ನಿಟ್ಟೆಯಲ್ಲೋ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ನಮಗೆ ಕಾಫಿ ತಂದುಕೊಡಲಿಲ್ಲವೆಂದು ಮರುಗುವುದಕ್ಕಿಂತ ಸಿಹಿ ಹಂಚುವುದು ಲೇಸು.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹಳೆಯ ಹೋಟೆಲಿನ ಶುಚಿ, ಮಡಿ, ಶಿಸ್ತು ಎಂದು ಕಣ್ಣು ಮುಚ್ಚಿ ಹೊಗಳುವವರಿಗೆ ಆ ಮಡಿಯ ಇನ್ನೊಂದು ಮಗ್ಗುಲು ನೆನಪಿರಲಿ. ಒಳಗೆ ಕೂರಲು ಜಾತಿ ಕೇಳುತ್ತಿದ್ದ ಹೋಟೆಲುಗಳು ಈ ನಗರದಲ್ಲಿಯೂ ಇದ್ದವು, ನಮ್ಮ ಊರುಗಳಲ್ಲಿಯೂ ಇದ್ದವು. ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಬೋರ್ಡಿನಿಂದ ‘ಬ್ರಾಹ್ಮಣ’ ಎಂಬ ಶಬ್ದವನ್ನು ತೆಗೆಸಲು 1957ರಲ್ಲಿ ಪೆರಿಯಾರರ ದ್ರಾವಿಡರ್ ಕಳಗಂ ತಿಂಗಳುಗಟ್ಟಲೆ ಚಳವಳಿ ಹೂಡಬೇಕಾಯಿತು. ಇಂದು ಆಟೋ ಚಾಲಕನೂ ಬ್ಯಾಂಕಿನ ಮ್ಯಾನೇಜರನೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಪೂರಿ ತಿನ್ನುತ್ತಾರೆ. ಹಳೆಯದಕ್ಕಿಂತ ಇದು ಮೇಲು. ನಮಗೆ ಉಳಿಸಿಕೊಳ್ಳಬೇಕಾಗಿರುವುದು ಈ ಹೋಟೆಲು, ಆ ಹೋಟೆಲಲ್ಲ.

ಮೂರನೆಯದು ರೇಟಿನ ದೂರು. ಇದನ್ನು ಕೇಳಿದಾಗಲೇ ನಮಗೆ ನಿಜವಾಗಿ ಸಿಟ್ಟು ಬರುವುದು. ಸಿನಿಮಾ ಮಂದಿರದಲ್ಲಿ ಒಂದು ಡಬ್ಬಿ ಪಾಪ್‌ಕಾರ್ನಿಗೆ ನೂರಾರು ರೂಪಾಯಿಯನ್ನು ತುಟಿ ಪಿಟಕ್ಕೆನ್ನದೆ ಕೊಟ್ಟು ಬರುವವರು, ಓಣಿಯ ಹೋಟೆಲಿನಲ್ಲಿ ಕಾಫಿಗೆ ಐದು ರೂಪಾಯಿ ಏರಿದ ದಿನ ಗಲ್ಲಾದ ಮುಂದೆ ನಿಂತು ಭಾಷಣ ಮಾಡುತ್ತಾರೆ. ಭಾಷಣ ಮಾತ್ರ ಕನ್ನಡದಲ್ಲಿರುತ್ತದೆ! ಆ ಯಜಮಾನರ ಲೆಕ್ಕವನ್ನು ಯಾರಾದರೂ ಕೇಳಿದ್ದೀರಾ? ಅಂಗಡಿಯ ಬಾಡಿಗೆ ಅಡ್ಯಾರಿನ ಬಾಡಿಗೆ. ಒಲೆಗೆ ಹತ್ತೊಂಬತ್ತು ಕಿಲೋ ತೂಕದ ವಾಣಿಜ್ಯ ಸಿಲಿಂಡರು, ಅದಕ್ಕೆ ಮನೆಯ ಸಿಲಿಂಡರಿನ ರಿಯಾಯಿತಿ ಇಲ್ಲ. 2017ರ ನವೆಂಬರಿನಿಂದ ಹೋಟೆಲಿನ ಊಟದ ಮೇಲಿನ ಜಿಎಸ್‌ಟಿ ನೂರಕ್ಕೆ ಐದಕ್ಕೆ ಇಳಿಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಅದರ ಜೊತೆಗೇ, ಹೋಟೆಲಿನವರು ಬಾಡಿಗೆಯ ಮೇಲೂ ಸಿಲಿಂಡರಿನ ಮೇಲೂ ತೆತ್ತ ತೆರಿಗೆಯನ್ನು ಲೆಕ್ಕದಲ್ಲಿ ವಜಾ ಮಾಡಿಕೊಳ್ಳುವ ಅವಕಾಶ ತಪ್ಪಿತು. ಆ ಭಾರ ಅವರ ಮೇಲೆಯೇ ಉಳಿಯಿತು. ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕಾಫಿ ಪುಡಿ ಇವುಗಳ ಬೆಲೆ ನಿಮ್ಮ ಮನೆಯಲ್ಲಿ ಏರಿದ್ದು ಅವರ ಉಗ್ರಾಣದಲ್ಲಿ ಏರುವುದಿಲ್ಲವೇ? ಈಚಿನ ವರ್ಷಗಳಲ್ಲಿ ಮೆಟ್ರೋ ರೈಲಿನ ಕಾಮಗಾರಿಗಾಗಿ ಅಡ್ಯಾರಿನ ಮುಖ್ಯರಸ್ತೆಗಳಿಗೆ ಬೇಲಿ ಹಾಕಿದಾಗ ಅಂಗಡಿಯ ಮುಂದೆ ಕಾರು ನಿಲ್ಲಿಸುವ ಜಾಗವೂ ಹೋಯಿತು, ಕಾರಿನಲ್ಲಿ ಬರುವ ಗಿರಾಕಿಯೂ ಹೋದ.

“ನಾವು ಹೋಗದಿದ್ದರೇನಂತೆ, ಮನೆಗೆ ತರಿಸಿಕೊಳ್ಳುತ್ತೇವಲ್ಲ” ಎನ್ನುವವರಿಗೆ ಒಂದು ಮಾತು. ಮೊಬೈಲಿನಲ್ಲಿ ಊಟ ತರಿಸಿದಾಗ ನೀವು ಕೊಟ್ಟ ಹಣದಲ್ಲಿ ದೊಡ್ಡ ಪಾಲು ಮಧ್ಯವರ್ತಿಯ ಕಮಿಷನ್ನಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ದೇಶದ ನೂರಾರು ಹೋಟೆಲುಗಳು ‘ಲಾಗೌಟ್’ ಎಂಬ ಹೆಸರಿನಲ್ಲಿ ಆ್ಯಪುಗಳ ರಿಯಾಯಿತಿ ಯೋಜನೆಗಳಿಂದ ಹೊರಬಂದು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ. ದೊಡ್ಡ ಹೋಟೆಲು ಈ ಕಮಿಷನ್ನನ್ನು ತಾಳಿಕೊಳ್ಳಬಹುದು. ಹತ್ತು ಮೇಜಿನವರಿಗೆ ಅದೇ ಆ ದಿನದ ಲಾಭ. ಹಣದ ಮಾತು ಹಾಗಿರಲಿ. ಡಬ್ಬಿಯಲ್ಲಿ ಬಂದ ದೋಸೆ ಮಕ್ಕಳೊಡನೆ ಕನ್ನಡ ಮಾತನಾಡುವುದಿಲ್ಲ.

ಮಾತಿನ ವಿಷಯಕ್ಕೇ ಬಂದೆವು. ನಮ್ಮ ಮಕ್ಕಳ ಕನ್ನಡ ಎಂಥದು? ಮನೆಯಲ್ಲಿ ಅಪ್ಪ ಅಮ್ಮನ ಕನ್ನಡ, ರಜೆಯಲ್ಲಿ ಅಜ್ಜಿಯ ಕನ್ನಡ, ಆಸಕ್ತಿ ಇದ್ದ ಮನೆಗಳಲ್ಲಿ ವಾರಕ್ಕೊಮ್ಮೆ ಸಂಘದ ತರಗತಿಯ ಕನ್ನಡ. ಮೂರೂ ಪ್ರೀತಿಯ ಕನ್ನಡ, ಬಾಗಿಲೊಳಗಿನ ಕನ್ನಡ. ಬಾಗಿಲಾಚೆ ಬಂದರೆ ತಮಿಳು ಇದೆ, ಇಂಗ್ಲಿಷು ಇದೆ. ಕನ್ನಡವೆಂದರೆ ಮನೆಯವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಒಂದು ಗುಟ್ಟಿನ ಭಾಷೆ ಎಂದು ಮಗು ತಿಳಿದುಕೊಂಡರೆ ತಪ್ಪು ಮಗುವಿನದಲ್ಲ. ಒಂದು ಭಾಷೆ ಬದುಕಿದೆ ಎಂದು ಮಗುವಿಗೆ ಮನವರಿಕೆಯಾಗುವುದು ಆ ಭಾಷೆಯಲ್ಲಿ ಕೇಳಿದ ವಸ್ತು ಕೈಗೆ ಬಂದಾಗ. “ಮಾವ, ನನಗೊಂದು ಗೋಳಿಬಜೆ ಕೊಡಿ” ಎಂದು ಏಳು ವರ್ಷದ ಹುಡುಗಿ ಗಲ್ಲಾದ ಮೇಲಿನ ಯಜಮಾನರಿಗೆ ಹೇಳಿದಾಗ, ಅವರು ಮುಖ ಅರಳಿಸಿ “ಯಾವ ಊರು ಮಗಾ ನಿಂದು?” ಎಂದು ಕೇಳಿದಾಗ, ಹತ್ತು ಪಾಠಗಳಿಂದ ಆಗದ ಕೆಲಸ ಆಗುತ್ತದೆ. ಇದೇ ತಿಂಡಿಗೆ ಚೆನ್ನೈ ಇಟ್ಟ ಹೆಸರು ಮಂಗಳೂರು ಬೋಂಡ. ಎರಡು ಹೆಸರನ್ನೂ ಆ ಮಗು ಅಲ್ಲಿಯೇ ಕಲಿಯುತ್ತದೆ. ಅದಕ್ಕಿಂತ ಬೇರೆ ಯಾವ ಪಾಠ ಬೇಕು?

ಆದರೆ ನಡೆಯುತ್ತಿರುವುದೇನು? ಮೇಜಿನ ಸುತ್ತ ಕುಳಿತ ಕನ್ನಡ ಕುಟುಂಬ ತಮ್ಮೊಳಗೆ ಕನ್ನಡ ಮಾತನಾಡುತ್ತದೆ, ತಿಂಡಿ ಹೇಳುವಾಗ ಇಂಗ್ಲಿಷಿಗೆ ಹೊರಳುತ್ತದೆ. ಗಲ್ಲಾದಲ್ಲಿ ಕುಳಿತವರು ಬೈಂದೂರಿನವರೋ ಕಾರ್ಕಳದವರೋ ಎಂದು ತಿಳಿಯುವ ಕುತೂಹಲ ಸಹ ಇಲ್ಲ. ಅವರಿಗಾದರೂ ಇವರು ಕನ್ನಡಿಗರೆಂದು ಹೇಗೆ ತಿಳಿಯಬೇಕು? ಆಮೇಲೆ ಹೊರಗೆ ಬಂದು, ಹೋಟೆಲಿನಲ್ಲಿ ಕನ್ನಡವೇ ಇಲ್ಲವೆಂದು ದೂರು! ಅಡಿಗೆಮನೆಗೂ ಮೇಜಿಗೂ ನಡುವೆ ಕನ್ನಡ ಇರಬೇಕಾದರೆ ಅದು ಮೇಜಿನ ಕಡೆಯಿಂದಲೂ ಹೊರಡಬೇಕು.

ಯಜಮಾನರು ತಮಿಳನ್ನು ನೀರು ಕುಡಿದಂತೆ ಮಾತನಾಡುತ್ತಾರೆ. ಮಾತನಾಡಲೇಬೇಕು. ಅನ್ನ ಕೊಟ್ಟ ಊರಿನ ಭಾಷೆಗೆ ಗೌರವ ಕೊಡದವನು ತನ್ನ ಭಾಷೆಗೂ ಕೊಡಲಾರ. ನಮ್ಮ ಬರಹದಲ್ಲಿ ತಮಿಳಿನ ಮೇಲೆ ಒಂದು ಅಪಸ್ವರವನ್ನೂ ಯಾರೂ ಹುಡುಕಬೇಕಾಗಿಲ್ಲ. ಆದರೆ ಒಂದು ಸಂಗತಿಯನ್ನು ಹೇಳದೆ ಬಿಡುವುದು ಸರಿಯಲ್ಲ. ಕಾವೇರಿ ಕಾದಾಗಲೆಲ್ಲ ಎರಡೂ ಕಡೆ ಸುಡುವುದು ಬಡವರ ಬೆನ್ನು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳರ ಬಸ್ಸುಗಳು ಬೆಂಕಿಗೆ ಆಹುತಿಯಾದವು. ಅದೇ ದಿನ ಚೆನ್ನೈನ ರಾಧಾಕೃಷ್ಣನ್ ಸಾಲೈಯ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಎಸೆದರು. ಅಂಥ ದಿನಗಳಲ್ಲಿ ಮನೆಯೊಳಗಿನ ಕನ್ನಡಿಗ ಕಿಟಕಿ ಮುಚ್ಚಿ ಟಿವಿ ನೋಡುತ್ತ ಕೂರಬಹುದು. ಬೀದಿಯ ಮೇಲಿನ ಬೋರ್ಡು ಎಲ್ಲಿ ಅಡಗೀತು? ಉಡುಪಿ ಎಂದು ಬರೆದುಕೊಂಡವನು ನಮ್ಮೆಲ್ಲರ ಪರವಾಗಿ ಬೀದಿಯಲ್ಲಿ ನಿಂತಿದ್ದಾನೆ. ಅವನ ಸಾಂಬಾರಿನ ಬೆಲ್ಲವನ್ನು ತೂಗುವ ಮೊದಲು ಇದನ್ನೊಮ್ಮೆ ತೂಗಿ ನೋಡಿ.

ಮದರಾಸಿನ ಕನ್ನಡಿಗರಿಗೆ ಮೈಯಾಸರೆಯಾಗಿದ್ದ ಹೆಸರುಗಳು ಒಂದೊಂದಾಗಿ ಅಳಿಯುತ್ತಿವೆ. ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ನಮ್ಮಲ್ಲಿ ಎಷ್ಟು ಮಂದಿಯನ್ನು ವರ್ಗದ ಮೇಲೆ ಇಲ್ಲಿಗೆ ತಂದವು! ಸಂಸಾರ ಬರುವವರೆಗೆ ಉಡುಪಿ ಹೋಟೆಲಿನಲ್ಲಿ ಉಂಡವರು ಅವರು. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕೂ, 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕೆನರಾ ಬ್ಯಾಂಕಿನ ಹೆಸರು ಉಳಿಯಿತು. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಬಾಗಿಲು ಹಾಕಿತು, 2010ರಲ್ಲಿ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನ ತೆರೆಯಿತು. ಆಗ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರೆದು ಎಲ್ಲರೂ ಕಣ್ಣೀರಿಟ್ಟರು. ಹತ್ತು ಮೇಜಿನ ಹೋಟೆಲು ಮುಚ್ಚಿದರೆ ಯಾರೂ ಬರೆಯುವುದಿಲ್ಲ. ಒಂದು ಸೋಮವಾರ ಶಟರು ಮೇಲೇಳುವುದಿಲ್ಲ, ಮುಂದಿನ ತಿಂಗಳು ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹೇಳುತ್ತಲೇ ಹಿತ್ತಲನ್ನು ಬೋಳು ಮಾಡಿಕೊಂಡವರ ಕತೆ ನಮ್ಮದಾಗಬಾರದು.

ಹಾಗಾದರೆ ಮಾಡಬೇಕಾದ್ದೇನು? ಸಭೆ ಕರೆದು ಠರಾವು ಮಾಡಬೇಕಾಗಿಲ್ಲ. ತಿಂಗಳಿಗೆ ಎರಡು ಬಾರಿ ಮಕ್ಕಳನ್ನು ಕರೆದುಕೊಂಡು ನಡೆದು ಹೋಗಿ, ಕುಳಿತು ತಿನ್ನಿ. ತಿಂಡಿಯನ್ನು ಕನ್ನಡದಲ್ಲಿ ಹೇಳಿ, ಮಕ್ಕಳ ಬಾಯಿಂದಲೇ ಹೇಳಿಸಿ. ಒಡಿಶಾದ ಹುಡುಗನಿಗೆ ‘ಇನ್ನೊಂದು ಇಡ್ಲಿ’ ಎಂಬುದನ್ನು ನಗುತ್ತ ಕಲಿಸಿ, ಅವನ ಹೆಸರು ಕೇಳಿ. ಅವನೂ ನಮ್ಮ ಹಾಗೆಯೇ ಊರು ಬಿಟ್ಟು ಬಂದವನು. ಹೇಳಿದ ಬೆಲೆಯನ್ನು ಕೊಡಿ. ಬೆಲ್ಲ ಬೇಕೇ ಬೇಕೆಂದರೆ ಯಜಮಾನರಿಗೇ ವಿನಯದಿಂದ ಹೇಳಿ. ಬೇಡಿಕೆಯಿದ್ದರೆ ವಾರಕ್ಕೊಂದು ದಿನ ಹಾಕಿಯಾರು, ಹತ್ತು ಮನೆಯವರು ಬರುವೆವೆಂದರೆ ಪತ್ರೊಡೆಯನ್ನೂ ಮಾಡಿಯಾರು.

ಇನ್ನು ನಮ್ಮ ಸಂಘಗಳಿಗೆ ಒಂದು ಮಾತು. ಮಾಸಿಕ ಕಾರ್ಯಕ್ರಮದ ಉಪಾಹಾರಕ್ಕೆ ದೊಡ್ಡ ಕಂಟ್ರಾಕ್ಟುದಾರರ ಬೆನ್ನು ಹತ್ತುವ ಪದಾಧಿಕಾರಿಗಳು, ಅದೇ ಬೀದಿಯ ಪುಟ್ಟ ಹೋಟೆಲಿಗೆ ಆ ಆರ್ಡರು ಕೊಟ್ಟರೆ ಏನು ಕಡಮೆಯಾಗುತ್ತದೆ? ರಾಜ್ಯೋತ್ಸವದ ವೇದಿಕೆಗೆ ಬೆಂಗಳೂರಿನಿಂದ ಅತಿಥಿಯನ್ನು ಕರೆಸಿ ಶಾಲು ಹೊದಿಸುವವರು, ಇದೇ ಬಡಾವಣೆಯಲ್ಲಿ ವರ್ಷಗಟ್ಟಲೆ ಕಾವಲಿಯ ಮುಂದೆ ನಿಂತವರನ್ನು ಒಮ್ಮೆ ಮೊದಲ ಸಾಲಿನಲ್ಲಿ ಕೂರಿಸಿದರೆ ವೇದಿಕೆಯ ಘನತೆಗೆ ಕುಂದೇ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಮ್ಮೂರ ಜನ ಅಡ್ಯಾರ್ ಆನಂದ ಭವನ ಎಂಬ ಬೋರ್ಡಿನಡಿ ಕುಳಿತು ಸಂತೋಷವಾಗಿ ಪೊಂಗಲ್ ತಿನ್ನುತ್ತಾರೆ. ಅಡ್ಯಾರು ಅಷ್ಟು ದೂರ ಹೋಗಿ ಅಲ್ಲಿ ತಳವೂರಿತು. ಉಡುಪಿ ಇಷ್ಟು ದೂರ ಬಂದು ನಮ್ಮ ಬೀದಿಯ ತಿರುವಿನಲ್ಲಿ ಕುಳಿತಿದೆ. ಅದು ಇನ್ನೂ ಎಷ್ಟು ದಿನ ಕುಳಿತಿರುತ್ತದೆ ಎಂಬುದು ಅಡಿಗೆಯ ಭಟ್ಟರ ಕೈಯಲ್ಲಿಲ್ಲ, ತಿನ್ನುವ ನಮ್ಮ ಕೈಯಲ್ಲಿದೆ, ಬಾಯಲ್ಲೂ ಇದೆ. ಮುಂದಿನ ಭಾನುವಾರ ಬೆಳಿಗ್ಗೆ ಏಳೂವರೆಗೆ ಶಟರು ತೆರೆದಿರುತ್ತದೆ. ಮಕ್ಕಳನ್ನು ಎಬ್ಬಿಸಿ.